ಕಾಶವ್ವ ಕಲಿತ ಒಂದೇ ಇಂಗ್ಲಿಷ್ ಮಾತು

ಹಿರಿಯಣ್ಣನವರ ಮನೆಗೆ ದಿನಾ ಆರು ರೊಟ್ಟಿ. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಮೈಸೂರು ಕಡೆಯ ಗಂಡಹೆಂಡಿರಿಗೆ ಡಾಕ್ಟರು ಅನ್ನ ಬಿಡಿಸಿ ಜೋಳ ಹಿಡಿಸಿದ್ದರು. ಘಾಟ್ಕೋಪರ್‌ನಲ್ಲಿ ಕೈಯಿಂದ ಬಡಿದ ಬಿಸಿ ರೊಟ್ಟಿ ಬೇಕೆಂದರೆ ಗುಡ್ಡದ ಮೇಲಿನ ಚಾಳಿನ ಕಾಶವ್ವನೇ ಗತಿ. ಆ ಸೋಮವಾರ ಬೆಳಿಗ್ಗೆ ಅವಳು ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಗ ಹಿರಿಯಣ್ಣನವರ ಹೆಂಡತಿ ಕೌಸಲ್ಯಮ್ಮ ಬಾಗಿಲಲ್ಲೇ ನಿಂತು ಕೇಳಿದರು.

“ನಿಮ್ಮ ಶೀತಲ್‌ಗೆ ಹುಷಾರಿಲ್ವೇನ್ರೀ ಕಾಶವ್ವ? ನೆನ್ನೆ ಶುಗರ್ ಟೆಸ್ಟಿಗೆ ಹೋಗಿದ್ದೆ. ಎಂಟು ದಿನದಿಂದ ಆ ಹುಡುಗಿ ಬರ್ತಿಲ್ಲ ಅಂದ್ರು ಲ್ಯಾಬಿನಲ್ಲಿ.”

“ಹೂಂರಿ, ಜರಾ ಜ್ವರ ಬಂದಾವ,” ಎಂದಳು ಕಾಶವ್ವ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಾನೇ ಹೇಳಿಬಿಟ್ಟಿತು.

ಲಿಫ್ಟ್ ಮರೆತು ನಾಲ್ಕು ಮಹಡಿ ಮೆಟ್ಟಿಲು ಇಳಿದಳು. ಎಂಟು ದಿನ! ಆ ಎಂಟು ದಿನವೂ ಬೆಳಿಗ್ಗೆ ಆರೂವರೆಗೆ ಅವಳೇ ಕೈಯಾರೆ ಮಗಳ ಡಬ್ಬಿ ಕಟ್ಟಿದ್ದಳು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯೆ, ಶೇಂಗಾ ಹಿಂಡಿ. ಸಂಜೆ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು.

ಸಂಜೆ ಏಳಕ್ಕೆ ಶೀತಲ್ ಬಂದಳು, ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು. ಇಪ್ಪತ್ತೆರಡು ವರ್ಷದ ಹುಡುಗಿ. ರಕ್ತ ಪರೀಕ್ಷೆಯ ಕೋರ್ಸ್ ಮುಗಿಸಿ ಸ್ಟೇಷನ್ ಹತ್ತಿರದ ಲ್ಯಾಬಿನಲ್ಲಿ ಹೋದ ವರ್ಷ ಕೆಲಸಕ್ಕೆ ಸೇರಿದ್ದಳು. ಸೂಜಿ ಚುಚ್ಚುವುದರಲ್ಲಿ ಅವಳ ಕೈ ಹಗುರ ಅಂತ ಹೆಸರಿತ್ತು. ಅವಳಪ್ಪ ಶಿವಪುತ್ರ ಕಟ್ಟಡದ ಕೆಲಸದಲ್ಲಿ ಮುಕಾದಮ, ನಲವತ್ತು ಆಳು ಆಳುವವನು. ಸಿಮೆಂಟಿನ ಕಾಲಲ್ಲೇ ಬಂದು ಕೂತಿದ್ದ. ಮೂಲೆಯ ಕಾಟಿನ ಮೇಲೆ ಮುತ್ಯಾ ಬಸವಂತರಾಯ, ಶಿವಪುತ್ರನ ಅಪ್ಪ.

“ಎಲ್ಲಿಂದ ಬಂದೀ?” ಎಂದ ಶಿವಪುತ್ರ.

ಶೀತಲ್ ಟವೆಲಿನಲ್ಲಿ ಮುಖ ಒರೆಸಿದಳು.

“ಲ್ಯಾಬಿಗೆ ಹೋಗಿಲ್ಲಂತ. ಎಂಟು ದಿನ ಆತಂತ. ಎಲ್ಲಿ ಹೋಗಿದ್ದಿ? ಯಾರ ಜೋಡಿ ಹೋಗಿದ್ದಿ?”

“ಯಾರ ಜೋಡೀನೂ ಇಲ್ಲ.”

“ಮತ್ತ? ಬಾಯಾಗ ಏನ ಇಟ್ಕೊಂಡೀ? ಹೇಳು!”

“ಏಯ್ ಶಿವ್ಯಾ, ಸಾವಕಾಶ ಕೇಳೋ,” ಎಂದ ಮುತ್ಯಾ.

“ನೀ ನಡುವ ಬರಬ್ಯಾಡಪ್ಪಾ. ಊರ ಮಂದಿ ಆಕಿ ಎಲ್ಲಿ ಅಂತ ನಮ್ಮನ್ನ ಕೇಳಬೇಕೇನು?”

ಶೀತಲ್ ಏಣಿ ಹತ್ತಿ ಅಟ್ಟಕ್ಕೆ ಹೋದಳು. ಕಾಶವ್ವ ತಾಟು ಹಾಕಿದಳು, ಮಗಳು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಶಿವಪುತ್ರನ ಮೊಬೈಲು ಟಿಂಗ್ ಎಂದಿತು. ಆರು ಅಡಿ ಮೇಲೆ ಕೂತ ಮಗಳು ಕೆಳಗೆ ಕೂತ ಅಪ್ಪನಿಗೆ ವಾಟ್ಸಾಪ್ ಕಳಿಸಿದ್ದಳು, ಹಿಂದಿಯಲ್ಲಿ, ಉದ್ದಕ್ಕೆ. ಅವನು ತಡವರಿಸುತ್ತ ಓದಿ ಹೇಳಿದ.

ಲ್ಯಾಬಿನಲ್ಲಿ ಇಬ್ಬರ ರಕ್ತ ಅದಲುಬದಲಾಗಿತ್ತು. ಸಕ್ಕರೆ ಇದ್ದವರ ರಿಪೋರ್ಟು ಇಲ್ಲದವರಿಗೆ ಹೋಗಿತ್ತು. ಎರಡನೇ ಸಲ ಟೆಸ್ಟ್ ಮಾಡಿಸಿದ್ದಕ್ಕೆ ಯಾರಿಗೂ ಅಪಾಯವಾಗಲಿಲ್ಲ, ಆದರೆ ಮನೆಯವರು ಬಂದು ಗಲಾಟೆ ಮಾಡಿದ್ದರು. ರಕ್ತ ತೆಗೆದವಳು ಶೀತಲ್. ಆದರೆ ಬುಕಿಂಗ್ ಪಟ್ಟಿ ನೋಡಿ ಕೊಳವೆಗಳಿಗೆ ಬರೀ ನಂಬರಿನ ಚೀಟಿ ಮೊದಲೇ ಅಂಟಿಸಿ, ಇಬ್ಬರದನ್ನು ತಿರುವುಮುರುವಾಗಿ ಇಟ್ಟವನು ಹಿರಿಯ ಟೆಕ್ನಿಷಿಯನ್ ವಿಕ್ರಂ; ರಶ್ಶು ಇದ್ದ ದಿನ ಮೊದಲೇ ಅಂಟಿಸಿಡುವುದು ಅವನ ರೂಢಿ, ನಿಯಮದ ಪ್ರಕಾರ ತಪ್ಪು. ಲ್ಯಾಬ್ ನಡೆಸುವ ಮ್ಯಾಡಮ್ ಕೇಳಿದಾಗ ವಿಕ್ರಂ ಅಲ್ಲೇ ನಿಂತಿದ್ದ. ಶೀತಲ್ ಮಾತಾಡಿರಲಿಲ್ಲ. ತಿಂಗಳ ಕೊನೆಯ ಶನಿವಾರ ಬಂದು ಹೇಳುವುದಿದ್ದರೆ ಹೇಳು, ಇಲ್ಲವಾದರೆ ತಪ್ಪು ನಿನ್ನದೆಂದೇ ಬರೆದು ಕೆಲಸದಿಂದ ತೆಗೆಯುತ್ತೇನೆ, ಅಲ್ಲಿಯವರೆಗೆ ಮನೆಯಲ್ಲಿರು ಎಂದಿದ್ದರು ಮ್ಯಾಡಮ್. ಹಾಗೆ ಬರೆದರೆ ಮುಂಬಯಿಯ ಬೇರೆ ಯಾವ ಲ್ಯಾಬಿನಲ್ಲೂ ಯಾರೂ ಕರೆಯುವುದಿಲ್ಲ. ಅವಳು ದಿನವೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರುತ್ತಿದ್ದಳು.

“ಅಲ್ಲೇ ಹೇಳಾಕ ಏನ ಧಾಡಿ?” ಶಿವಪುತ್ರ ಅಟ್ಟದ ಕಡೆ ಮುಖವೆತ್ತಿ ಕೂಗಿದ. “ಅಂವಾ ಅಂಟಿಸ್ಯಾನ ಅಂತ ಎರಡ ಮಾತು!”

“ಬೈಬ್ಯಾಡ್ರಿ,” ಎಂದಳು ಕಾಶವ್ವ. “ಆಕಿ ಮೊದಲಿಂದನೂ ಹಂಗ. ಶೈ ಅದಾಳ.”

ಆ ಮನೆಯಲ್ಲಿ ಆ ಮಾತು ಉಪ್ಪಿನ ಡಬ್ಬಿ ಇದ್ದ ಹಾಗೆ. ಕೈ ಚಾಚಿದರೆ ಸಿಗುತ್ತಿತ್ತು. ನೆಂಟರು ಬಂದಾಗ ಹುಡುಗಿ ಒಳಗೇ ಕೂತರೆ ಶೈ. ಡಾಕ್ಟರು ಎಲ್ಲಿ ನೋವು ಅಂದಾಗ ಸುಮ್ಮನಿದ್ದರೆ ಶೈ. ಅವಳ ಪರವಾಗಿ ಎಲ್ಲಿ ನೋವೆಂದು ಕಾಶವ್ವನೇ ಹೇಳುತ್ತಿದ್ದಳು.

*

ಬುಧವಾರ ಯಾರಿಗೂ ಹೇಳದೆ ಕಾಶವ್ವ ಲ್ಯಾಬಿಗೆ ಹೋದಳು. ಇಳಕಲ್ಲ ಸೀರೆ ಉಟ್ಟು, ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಿಡಿದು. ಮ್ಯಾಡಮ್ ಕೆಟ್ಟವರಲ್ಲ, ಕೂರಿಸಿದರು, ನೀರು ಕೊಟ್ಟರು. ಹೋಳಿಗೆ ಮಾತ್ರ ಮುಟ್ಟಲಿಲ್ಲ. ಕಾಶವ್ವ ತನಗೆ ಬಂದ ಹಿಂದಿಯಲ್ಲಿ ಎಲ್ಲ ಹೇಳಿದಳು: ಮಗಳದು ತಪ್ಪಿಲ್ಲ, ಹುಡುಗಿ ಒಳ್ಳೆಯವಳು. ಕೊನೆಗೆ ಕೈ ಮುಗಿದು, ಜೀವಮಾನದಲ್ಲಿ ಕಲಿತಿದ್ದ ಒಂದೇ ಇಂಗ್ಲಿಷ್ ಮಾತನ್ನು ಆಡಿದಳು.

“ಶೀ ಈಸ್ ಶೈ, ಮ್ಯಾಡಮ್. ಛೋಟೀ ಥೀ ತಬ್ ಸೇ.” ಚಿಕ್ಕವಳಿದ್ದಾಗಿನಿಂದಲೂ ಹಾಗೇ ಅಂತ.

ಮ್ಯಾಡಮ್ ಪೆನ್ನು ಕೆಳಗಿಟ್ಟರು. “ವಿಕ್ರಂ ಹೇಳಿದ್ದೂ ಇದನ್ನೇ, ಅಮ್ಮಾ. ರಕ್ತ ತೆಗೆಯೋ ಮೊದಲು ಪೇಷಂಟ್ ಹೆಸರು ಬಾಯಿ ಬಿಟ್ಟು ಕೇಳಬೇಕು. ಇವಳು ನಾಚಿಕೆಗೆ ಕೇಳಿಲ್ಲ, ಅದಕ್ಕೇ ಅದಲುಬದಲಾಯಿತು ಅಂದ. ನಾನು ನಂಬಿರಲಿಲ್ಲ. ಈಗ ತಾಯಿಯಾದ ನೀವೇ ಹೇಳ್ತಿದ್ದೀರಿ.” ಎದುರಿಗಿದ್ದ ಕಾಗದದ ಮೇಲೆ ಅವರು ಏನೋ ಬರೆದುಕೊಂಡರು.

“ಹಂಗಲ್ಲರೀ...” ಎಂದಳು ಕಾಶವ್ವ ಕನ್ನಡದಲ್ಲಿ. ಮುಂದೆ ಹಿಂದಿಯೂ ಬರಲಿಲ್ಲ. ಹೊರಗೆ ಗಾಜಿನ ಬಾಗಿಲ ಬಳಿ ತೆಳ್ಳಗಿನ ಹುಡುಗನೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎದೆಯ ಮೇಲಿನ ಬಿಲ್ಲೆಯಲ್ಲಿ ವಿಕ್ರಂ ಎಂದಿತ್ತೇನೋ, ಅವಳಿಗೆ ಓದಲು ಬರುತ್ತಿರಲಿಲ್ಲ. “ನಮಸ್ತೆ ಆಂಟಿ,” ಎಂದ.

ಆ ರಾತ್ರಿ ಅನ್ನಕ್ಕೆ ಉಪ್ಪು ಎರಡು ಸಲ ಬಿತ್ತು. ಗಂಡನಿಗೆ ಹೇಳಬೇಕೆಂದು ಎರಡು ದಿನ ಬಾಯಿ ತೆರೆದಳು. ಅವನೋ, ವಿಕ್ರೋಳಿಯ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ಅವಸರದಲ್ಲಿದ್ದ. ಬರುವುದು, ಉಣ್ಣುವುದು, ಮಗಳನ್ನು ನೋಡಿ ನಿಟ್ಟುಸಿರು ಬಿಡುವುದು, ಮಲಗುವುದು. ಶೀತಲ್ ಈಗ ಮನೆಯಲ್ಲೇ ಇದ್ದಳು. ಪಾತ್ರೆ ತಿಕ್ಕುತ್ತಿದ್ದಳು, ನೀರು ಹಿಡಿಯುತ್ತಿದ್ದಳು. ತಾಯಿ ಎಲ್ಲಿ ಹೋಗಿದ್ದಳೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಾಶವ್ವನಿಗೆ.

ಭಾನುವಾರ ರೊಟ್ಟಿ ಕೊಡಲು ಹೋದವಳು ಹಿರಿಯಣ್ಣನವರ ಮುಂದೆ ನಿಂತಳು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಪತ್ರಿಕೆಯಲ್ಲಿ ಅಚ್ಚಿನ ತಪ್ಪು ಕಂಡರೆ ಇವತ್ತಿಗೂ ಪೆನ್ನು ತೆಗೆಯುತ್ತಿದ್ದರು.

“ಸಾಹೇಬ್ರ, ಶೈ ಅಂದ್ರ ಏನ್ರಿ? ಖರೇ ಅರ್ಥ? ನಾ ಹದಿನಾರ ವರ್ಷದಿಂದ ಅನ್ನಾಕತ್ತೀನಿ. ಏನಂದೇನಿ ಅಂತ ಗೊತ್ತಿಲ್ಲ.”

ಹಿರಿಯಣ್ಣನವರಿಗೆ ಇಂಥ ಪ್ರಶ್ನೆ ಕೇಳಿದವರು ಆ ಬಿಲ್ಡಿಂಗಿನಲ್ಲಿ ಯಾರೂ ಇರಲಿಲ್ಲ. ಖುಷಿಯಿಂದ ದಪ್ಪ ಡಿಕ್ಷನರಿ ಇಳಿಸಿದರು.

“ಕೂತ್ಕೊಳ್ಳಿ ಕಾಶವ್ವ. ನಾಚಿಕೆ, ಸಂಕೋಚ, ಅಳುಕು, ಇದು ಎಲ್ಲರಿಗೂ ಗೊತ್ತಿರೋದು. ಆದ್ರೆ ಪದ ಶುರುವಾದದ್ದು ಮನುಷ್ಯರಿಂದಲ್ಲ, ನೋಡಿ. ಹಳೇ ಇಂಗ್ಲಿಷಿನಲ್ಲಿ ಬೇಗ ಬೆದರೋ ಕುದುರೆಗೆ ಹೇಳ್ತಿದ್ರು. ದಾರೀಲಿ ಏನೋ ಕಂಡು ಕುದುರೆ ಥಟ್ಟಂತ ಪಕ್ಕಕ್ಕೆ ಹಾರಿದ್ರೆ ಈಗಲೂ ಅದಕ್ಕೆ ಇದೇ ಪದ.”

“ಕುದುರಿ?”

“ಕುದುರೆ. ಆಮೇಲೆ, ಕಮ್ಮಿ ಬೀಳೋದಕ್ಕೂ ಹೇಳ್ತಾರೆ. ನಿಮ್ಮ ನೂರು ರೊಟ್ಟೀಲಿ ಎರಡು ಕಮ್ಮಿ ಇದ್ರೆ, ಎರಡು ಶೈ. ಕಲ್ಲು ಎಸೆಯೋದಕ್ಕೂ ಇದೆ. ಅದು ಎಲ್ಲಿಂದ ಬಂತೋ ಇವರಿಗೇ ಖಾತ್ರಿ ಇಲ್ಲ.”

“ಇಷ್ಟ ಸಣ್ಣ ಶಬ್ದಕ್ಕ ಇಷ್ಟ ದೊಡ್ಡ ಸಂಸಾರ ಐತೇನ್ರಿ!”

“ಹೆಣ್ಣುಮಕ್ಕಳಿಗೆ ಸ್ವಲ್ಪ ಶೈ ಇದ್ರೆ ಲಕ್ಷಣ ಅಲ್ವೇನ್ರೀ?” ಎಂದರು ಕೌಸಲ್ಯಮ್ಮ ಒಳಗಿನಿಂದ.

“ನಿನಗಿದ್ದಿದ್ರೆ ನೋಡಬಹುದಿತ್ತು,” ಎಂದರು ಹಿರಿಯಣ್ಣನವರು. ಕಾಶವ್ವ ನಕ್ಕಳು. ಆದರೆ ಆ ಕುದುರೆ ಅವಳ ಜೊತೆಗೇ ಗುಡ್ಡ ಹತ್ತಿ ಬಂತು.

ಮನೆಯಲ್ಲಿ ಮುತ್ಯಾ ಒಬ್ಬನೇ ಕೂತು ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಳ್ಳುತ್ತಿದ್ದ. ವಿಜಾಪುರದಲ್ಲಿ ಮೂವತ್ತು ವರ್ಷ ಟಾಂಗಾ ಹೊಡೆದ ಕೈ ಅದು.

“ಮಾಮಾ, ಬೆದರೂ ಕುದುರಿ ಹೆಂಗ ಇರ್ತಾವು? ಹುಟ್ಟಿದಾಗಿಂದನ ಹಂಗ ಇರ್ತಾವೇನು?”

ಮುತ್ಯಾನ ಮುಖ ಅರಳಿತು. ಮುಂಬಯಿಗೆ ಬಂದ ಮೇಲೆ ಕುದುರೆಯ ವಿಷಯ ಅವನನ್ನು ಯಾರೂ ಕೇಳಿರಲಿಲ್ಲ. “ಹುಟ್ಟಿದಾಗಿಂದ? ಛೆ! ಮರಿ ಇದ್ದಾಗ ಯಾರೋ ಒಬ್ಬ ಹೊಡದಿರ್ತಾನವಾ. ಛತ್ರಿ ಬಿಚ್ಚೂವಾಗ ಹೊಡದ್ರ ಸಾಯೂತನಕ ಛತ್ರಿ ಕಂಡ್ರ ಜಿಗೀತಾವು. ನಾವು ಬೆದರೂ ಕುದುರಿ ಬಂತಂದ್ರ ಬಾರಕೋಲು ಬದಿಗಿಟ್ಟು, ಇಳದು, ಅದಕ್ಕ ಏನ ಕಂಡಿತು ಅಂತ ನೋಡತಿದ್ವಿ. ಇದರ ಸ್ವಭಾವನ ಹಂಗ ಅಂತ ಹೇಳಾಂವ ಯಾರ ಗೊತ್ತೇನು?”

“ಯಾರ್ರಿ?”

“ಮಾರಾಕ ತಂದಾಂವ,” ಎಂದು ಮುತ್ಯಾ ಬೊಚ್ಚು ಬಾಯಲ್ಲಿ ನಕ್ಕ.

ಕಾಶವ್ವ ನಗಲಿಲ್ಲ. ಒಲೆಯ ಮುಂದೆ ಕೂತು, ಹಿಟ್ಟಿಗೆ ಬಿಸಿ ನೀರು ಹಾಕಿದವಳು ನಾದುವುದನ್ನು ಮರೆತಳು.

*

ಹದಿನಾರು ವರ್ಷದ ಹಿಂದಿನ ಮಾತು. ಶೀತಲ್‌ಗೆ ಆರು. ಇಂಗ್ಲಿಷ್ ಶಾಲೆಯಲ್ಲಿ ಮಗುವನ್ನೂ ತಂದೆತಾಯಿಯನ್ನೂ ಕೂರಿಸಿ ಮಾತಾಡಿಸುತ್ತಾರೆ, ಮನೆಯಲ್ಲಿ ಇಂಗ್ಲಿಷ್ ಇಲ್ಲವೆಂದು ಗೊತ್ತಾದರೆ ಸೀಟು ಕೊಡುವುದಿಲ್ಲ ಅಂತ ಚಾಳಿನಲ್ಲಿ ಸುದ್ದಿ. ಶೀತಲ್ ಅಂದರೆ ಆಗ ಹರಟೆಮಲ್ಲಿ. ನಲ್ಲಿಯ ಹತ್ತಿರ ನಿಂತು ಬಂದವರಿಗೆಲ್ಲ ಕನ್ನಡದಲ್ಲಿ ವರದಿ ಒಪ್ಪಿಸುವಳು. ಅದೇ ಭಯ ಗಂಡಹೆಂಡಿರಿಗೆ. ಬಾಯಿ ತೆರೆದರೆ ಕನ್ನಡ ಬೀಳುತ್ತದೆ, ಗುಟ್ಟು ರಟ್ಟಾಗುತ್ತದೆ. ಪಕ್ಕದ ಖೋಲಿಯಲ್ಲಿ ಆಫೀಸು ಗುಡಿಸುವ ಹೆಂಗಸೊಬ್ಬಳಿದ್ದಳು, ಅವಳು ಕಾಶವ್ವನಿಗೆ ಉಪಾಯ ಹೇಳಿ ಮೂರೇ ಮೂರು ಶಬ್ದ ಕಲಿಸಿದಳು. ಮೂರು ದಿನ ನೀರಿನ ಸಾಲಿನಲ್ಲಿ ನಿಂತು ಕಾಶವ್ವ ಅದನ್ನೇ ಜಪ ಮಾಡಿದಳು. ಶಿವಪುತ್ರ ಹೊಸ ಅಂಗಿ ಹೊಲಿಸಿದ. ಮಗುವಿಗೆ ಇಬ್ಬರೂ ಹೇಳಿದರು: ಏನು ಕೇಳಿದರೂ ಬಾಯಿ ತೆಗೆಯಬೇಡ.

ಟೀಚರು ಮಾವಿನಹಣ್ಣಿನ ಚಿತ್ರ ತೋರಿಸಿದಳು. ಶೀತಲ್ ಕಣ್ಣರಳಿಸಿ “ಮಾ...” ಎಂದಳು. ಮೇಜಿನ ಕೆಳಗೆ ಕಾಶವ್ವ ಅವಳ ತೊಡೆಯನ್ನು ಗಟ್ಟಿಯಾಗಿ ಚಿವುಟಿದಳು. ಮೇಲೆ ನಗುತ್ತ ಆ ಮೂರು ಶಬ್ದ ಹೇಳಿದಳು. ಸೀಟು ಸಿಕ್ಕಿತು. ಚಾಳಿಗೆಲ್ಲ ಪೇಢೆ ಹಂಚಿದರು. ಆಮೇಲೆ ಮನೆಯಲ್ಲೂ ಕನ್ನಡ ಬೇಡವೆಂದ ಶಿವಪುತ್ರ. ಇಂಗ್ಲಿಷು ಯಾರಿಗೂ ಬರದ ಕಾರಣ ಎಲ್ಲರೂ ಹಿಂದಿ ಹಿಡಿದರು, ಮುತ್ಯಾ ಊರಿನಿಂದ ಬಂದು ಸೇರಿದ ಮೇಲಷ್ಟೇ ಮನೆಗೆ ಕನ್ನಡ ಮರಳಿತು. ಹುಡುಗಿಯ ಹರಟೆ ಯಾವ ದಿನ ನಿಂತಿತು ಅಂತ ಯಾರೂ ಗುರುತು ಹಾಕಿಕೊಂಡಿರಲಿಲ್ಲ.

ಗುರುವಾರ ಬೆಳಿಗ್ಗೆ, ಗಂಡ ಸೈಟಿಗೆ ಹೋದ ಮೇಲೆ, ತಾಯಿ ರೊಟ್ಟಿ ಬಡಿಯುತ್ತಿದ್ದಳು, ಮಗಳು ತವೆಯ ಮುಂದೆ ಕೂತು ಬೇಯಿಸುತ್ತಿದ್ದಳು.

“ಶೀತಲ್, ನಾ ನಿನ್ನ ಲ್ಯಾಬಿಗೆ ಹೋಗಿದ್ದೆ. ಹ್ವಾದ ವಾರ.”

ಶೀತಲ್ ರೊಟ್ಟಿ ತಿರುವಿದಳು.

“ಮ್ಯಾಡಮ್ಮಿಗೆ ಅಂದೆ, ನಮ್ಮ ಹುಡುಗಿ ಶೈ ಅಂತ. ಆಕಿ ಬರಕೊಂಡಳು. ಆ ವಿಕ್ರಂ ಹಂಗ ಅಂದಿದ್ನಂತ, ನೀ ಶೈ ಅಂತ ಪೇಷಂಟ್ ಹೆಸರು ಕೇಳಿಲ್ಲಂತ. ನಾನೂ ಅದನ್ನ ಅಂದೆ. ನಾ ಮದತ್ ಮಾಡಾಕ ಹೋಗಿದ್ದೆ, ನನ್ನ ಬಂಗಾರ...”

ತವೆಯ ಮೇಲಿನ ರೊಟ್ಟಿ ಕರಿಯಾಯಿತು.

“ನಾ ಕೇಳಿದ್ದೆ,” ಎಂದಳು ಶೀತಲ್. “ಇಬ್ಬರಿಗೂ ಹೆಸರು ಕೇಳಿದ್ದೆ. ಜೋರ್ ಸೇ ಕೇಳಿದ್ದೆ. ದಿನಾ ಐವತ್ತು ಮಂದಿಗಿ ಕೇಳ್ತೀನಿ, ಮಮ್ಮಿ. ಅಲ್ಲಿ ನಾ ಮಾತಾಡ್ತೀನಿ. ನಿನಗ ಗೊತ್ತೇನು? ಮುದುಕರು ಅಂಜತಾರ, ಅವರ ಜೋಡಿ ನಾ ಮಾತಾಡ್ತೀನಿ.”

“ಮತ್ತ ಮ್ಯಾಡಮ್ ಮುಂದ ಯಾಕ...”

“ವಿಕ್ರಂ ನನಗಿಂತ ಮೊದಲು ಹೇಳಿಬಿಟ್ಟ. ‘ಮ್ಯಾಡಮ್, ಶೀ ಈಸ್ ಶೈ.’ ಸೇಮ್. ಬಿಲ್ಕುಲ್ ನಿನ್ನ ಟೋನ್. ನನ್ನ ಬಾಯಿ ಬಂದ್ ಆತು. ಇಲ್ಲಿ ಉರೀತು.” ಶೀತಲ್ ಸುಟ್ಟ ರೊಟ್ಟಿಯನ್ನು ಕೆಳಗಿಟ್ಟು ತೊಡೆಯ ಮೇಲೆ ಕೈ ಇಟ್ಟಳು. “ಇಲ್ಲಿ. ನೀ ಚೂಟಿದ್ದಿ. ಯಾದ್ ಹೈ?”

ಕಾಶವ್ವ ಹಿಟ್ಟಿನಿಂದ ಕೈ ತೆಗೆದಳು. “ನಿನಗ ನೆನಪೈತಿ?”

“ನನಗ ಉತ್ತರ ಬರತಿತ್ತು!” ದನಿ ಒಮ್ಮೆಲೇ ಏರಿತು. ಹೊರಗೆ ನಲ್ಲಿಯ ಬಳಿ ಮಾತಾಡುತ್ತಿದ್ದ ಹೆಂಗಸರು ಬಾಗಿಲ ಕಡೆ ತಿರುಗಿದರು. “ಮ್ಯಾಂಗೋ! ನನಗ ಮ್ಯಾಂಗೋನೂ ಬರತಿತ್ತು, ಮಾವಿನಹಣ್ಣೂ ಬರತಿತ್ತು, ಆಮ್ ಭೀ! ನಾ ಯಾವುದು ಹೇಳಲಿ ಅಂತ ಸೋಚ್ ರಹೀ ಥೀ. ನೀ ಚೂಟಿದಿ. ಆಮ್ಯಾಲ ಮಂದಿಗೆಲ್ಲಾ ಶೈ ಶೈ ಅಂದಿ. ಮುತ್ಯಾನ ಜೋಡಿ ಮಾತಾಡಾಕ ಇವತ್ತು ನನಗ ಕನ್ನಡ ಬರೂದಿಲ್ಲ ಬರಾಬರ. ಯಾರ ಮಾಡಿದ್ದು? ನಾ ಶೈ ಇದ್ದಿದ್ದಿಲ್ಲ, ಮಮ್ಮಿ!”

ಕಾಟಿನ ಮೇಲೆ ಮುತ್ಯಾ ಎದ್ದು ಕೂತಿದ್ದ. ಅವನು ಮೊಮ್ಮಗಳನ್ನು ನೋಡಿದ, ಆಮೇಲೆ ಸೊಸೆಯನ್ನು ನೋಡಿದ. ಕಾಶವ್ವನಿಗೆ ಬೈಗುಳಕ್ಕಿಂತ ಆ ನೋಟವೇ ಹೆಚ್ಚು ತಾಗಿತು.

“ತಪ್ಪಾತವಾ,” ಎಂದಳು. “ಶನಿವಾರ ನಾ ಬರ್ತೀನಿ. ಮ್ಯಾಡಮ್ ಮುಂದ, ಆ ವಿಕ್ರಂನ ಮುಂದ, ಎಲ್ಲಾರ ಮುಂದ ಹೇಳ್ತೀನಿ. ನಾ ಸುಳ್ಳ ಹೇಳೇನಿ ಅಂತ. ಕಾಲ ಹಿಡಿ ಅಂದ್ರ ಹಿಡೀತೀನಿ.”

“ಬರಬ್ಯಾಡ.”

“ಒಂದ ಸಲ, ನನ್ನ ಬಂಗಾರ. ನನ್ನ ಸಮಾಧಾನಕ್ಕಾರ...”

“ನೀ ಬಂದ್ರ ಅವರು ಬರೀತಾರ, ಮತ್ತ ಮಮ್ಮೀನ ಕರಕೊಂಡು ಬಂದಳು ಅಂತ. ನಿನ್ನ ಸಮಾಧಾನಕ್ಕ ನನ್ನ ಕೆಲಸ ಹೋಗಬೇಕೇನು?” ಶೀತಲ್ ಎದ್ದು ಕೈ ತೊಳೆದಳು. “ನೀ ಮನ್ಯಾಗ ಇರು. ಬಸ್.”

ಆ ದಿನ ಹಿರಿಯಣ್ಣನವರ ಮನೆಗೆ ಐದೇ ರೊಟ್ಟಿ ಹೋದವು.

*

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಕಾಶವ್ವ ಗಂಡನಿಗೆ ಎಲ್ಲ ಹೇಳಿದಳು. ಅವನು ತುತ್ತನ್ನು ತಾಟಿಗೆ ಬಿಟ್ಟ. ನಲವತ್ತು ಆಳಿನ ಮೇಲೆ ಕೂಗುವ ಗಂಡಸು ತೀರ ಸಣ್ಣ ದನಿಯಲ್ಲಿ, “ಬಾಯಿ ತಗೀಬ್ಯಾಡ ಅಂತ ನಾನೂ ಹೇಳಿದ್ದೆ,” ಎಂದ. “ನಾನ ಮೊದಲ ಹೇಳಿದ್ದೆ.” ಆಮೇಲೆ ತಾಟಿನಲ್ಲೇ ಕೈ ತೊಳೆದ.

ಶನಿವಾರ ಶೀತಲ್ ಹತ್ತಕ್ಕೆ ಹೋದಳು. ಡಬ್ಬಿ ಬೇಡವೆಂದಳು. ಗುಡ್ಡದ ಮೆಟ್ಟಿಲು ಇಳಿದು ರಿಕ್ಷಾ ಸ್ಟ್ಯಾಂಡಿನ ಮಂದಿಯಲ್ಲಿ ಅವಳು ಕಾಣದಾಗುವವರೆಗೂ ಕಾಶವ್ವ ಕಟಕಟೆ ಹಿಡಿದು ನಿಂತಿದ್ದಳು. ಹನ್ನೊಂದಾಯಿತು. ಹನ್ನೆರಡಾಯಿತು. ಶಿವಪುತ್ರ ಅರ್ಧ ದಿನ ರಜೆ ಹಾಕಿ ಬಂದು ಮೊಬೈಲು ಮುಂದಿಟ್ಟುಕೊಂಡು ಕೂತ. ಎರಡು ಸಲ ಕಾಶವ್ವ ಚಪ್ಪಲಿ ಮೆಟ್ಟಿದಳು, ಎರಡು ಸಲವೂ ಬಿಟ್ಟಳು. ಬೇಳೆ ಕುದಿಸಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು.

ಎರಡೂವರೆಗೆ ಶೀತಲ್ ಬಂದಳು. ಮುಖ ಬೆವರಿತ್ತು, ತುಟಿ ಒಣಗಿತ್ತು. ಒಂದು ತಂಬಿಗೆ ನೀರು ಕುಡಿದಳು. ತಾಟಿನ ಮುಂದೆ ಕೂತು, ರೊಟ್ಟಿ ಮುರಿದು ಅವಳೇ ಶುರು ಮಾಡಿದಳು.

“ಚೀಟಿ ವಿಕ್ರಂನ ಲಾಗಿನ್‌ದಾಗ ಪ್ರಿಂಟ್ ಆಗಿದ್ದು ಏಳ ಗಂಟೆಗಿ. ಪೇಷಂಟ್ ಇಬ್ಬರೂ ಬಂದಿದ್ದು ಏಳೂ ನಲವತ್ತಕ್ಕ, ರಜಿಸ್ಟರ್‌ದಾಗ ಸಹಿ ಐತಿ. ಮಷೀನದಾಗ ಟೈಮ್ ಐತಿ, ನೋಡ್ರಿ ಮ್ಯಾಡಮ್ ಅಂದೆ. ನೋಡಿದ್ರು. ವಿಕ್ರಂ ಏನೇನೋ ಅಂದ. ನಾ ಅವನಿಗೆ, ನನ್ನ ಮಾತು ಮುಗೀಲಿ ಅಂದೆ.”

“ಶಹಬ್ಬಾಶ್!” ಎಂದ ಮುತ್ಯಾ.

“ಸೋಮವಾರದಿಂದ ಬಾ ಅಂದ್ರು. ವಿಕ್ರಂಗ ನೋಟಿಸ್ ಕೊಟ್ಟಾರ.” ಅವಳು ಅಗಿದು ನುಂಗಿದಳು. “ಆಮ್ಯಾಲ ಮ್ಯಾಡಮ್ ಕೇಳಿದ್ರು. ಮತ್ತ ನಿಮ್ಮ ತಾಯಿ ಯಾಕ ಹಂಗ ಹೇಳಿದ್ರು ಅಂತ.”

“ಏನಂದಿ?” ಎಂದ ಶಿವಪುತ್ರ.

“ಮಮ್ಮಿಗೆ ನಾ ಯಾರಂತ ಗೊತ್ತಿಲ್ಲ ಅಂದೆ.”

ಶಿವಪುತ್ರ ನೆಟ್ಟಗಾದ. “ಹೊರಗಿನವರ ಮುಂದ ಹೆತ್ತ ತಾಯಿಗೆ ಹಂಗಂತಾರೇನು? ಆಕಿ ನಿನ್ನ ಸಲುವಾಗಿ...”

“ಸುಮ್ನಿರ್ರಿ,” ಎಂದಳು ಕಾಶವ್ವ. “ಆಕಿ ಹೇಳ್ಲಿ.”

ಯಾವತ್ತೂ ಎಲ್ಲರೂ ಉಂಡೆದ್ದ ಮೇಲೆ ಕೂರುವವಳು, ಒಲೆ ಆರಿಸಿ ಬಂದು ಮಗಳ ತಾಟಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಮತ್ತ ಏನಂದಿ? ಎಲ್ಲಾ ಹೇಳು.”

ಶೀತಲ್ ಅವಳನ್ನು ಒಂದು ಕ್ಷಣ ನೋಡಿದಳು, ಬೇಕೇ ಎನ್ನುವ ಹಾಗೆ. ಆಮೇಲೆ ಹೇಳತೊಡಗಿದಳು. ಲ್ಯಾಬಿನದು ಬೇಗ ಮುಗಿಯಿತು. ಶಾಲೆಯದು ಬಂತು, ಡಾಕ್ಟರದು ಬಂತು, ನೆಂಟರ ಮನೆಯಲ್ಲಿ ಅವಳ ಹೆಸರಿಗೆ ಮೊದಲು ಆ ಶಬ್ದ ಬಂದದ್ದೆಲ್ಲ ಬಂತು. ಕನ್ನಡ ಸಾಲದಾದಾಗ ಹಿಂದಿಯಲ್ಲಿ, ಹಿಂದಿ ಸಾಲದಾದಾಗ ಇಂಗ್ಲಿಷಿನಲ್ಲಿ. ಕಾಶವ್ವನಿಗೆ ಅರ್ಥವಾಗದ್ದೂ ಬಹಳ ಇತ್ತು. ಅರ್ಥವಾದದ್ದರಲ್ಲಿ ಅವಳ ಬಗ್ಗೆ ಒಳ್ಳೆಯ ಮಾತು ಒಂದೂ ಇರಲಿಲ್ಲ. ತಾಟಿನ ರೊಟ್ಟಿ ಒಣಗಿ ಮುರಿಯಲು ಬಾರದಂತಾಯಿತು. ಸಂಜೆಯ ನೀರು ಬಂತೆಂದು ಹೊರಗೆ ಕೂಗಿದರು, ಕೊಡಗಳು ಸದ್ದು ಮಾಡಿದವು. ಕಾಶವ್ವ ಏಳಲಿಲ್ಲ.